ಪುಸ್ತಕದ ಬದನೆಕಾಯಿ ತಿಂದೇ ಬೈಕ್ ಕಲಿತೆ

ಗೇರು, ಕ್ಲಚ್ಚು ಎಲ್ಲರಿಗೂ ಬರುತ್ತದೆ ಬಿಡಿ. ನಾನು ಪುಸ್ತಕ, ವಿಡಿಯೋ ನೋಡಿ ಕಲಿತದ್ದು ಅದರ ಮುಂದಿನ ಪಾಠ. ಇಕ್ಕಟ್ಟಿನಲ್ಲಿ ಯು-ಟರ್ನ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೇ ಪಲ್ಸರ್ 150 ಬೈಕ್ ಜಾರದಂತೆ ನಿಲ್ಲಿಸುವುದು, ಘಟ್ಟದ ತಿರುವು. ಹುಬ್ಬಳ್ಳಿಯ ನಮ್ಮ ಗ್ಯಾರೇಜ್ ದೋಸ್ತ್ ಕೇಳಿ ನಕ್ಕುಬಿಟ್ಟಿದ್ದ. "ಪುಸ್ತಕದ ಬದನೀಕಾಯಿ ತಿಂದ್ರ ಹೊಟ್ಟಿ ತುಂಬತೈತೇನ್ಲೇ?" ಈಗ ಅವನೇ ತನ್ನ ತಮ್ಮನನ್ನು ನನ್ನ ಹತ್ತಿರ ಕಳಿಸುತ್ತಿದ್ದಾನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಎರಡು ಮೂರು ತಿಂಗಳು ದುಡ್ಡು ಹೋಯಿತು, ವಿದ್ಯೆ ಬರಲಿಲ್ಲ. ಇಂಗ್ಲಿಷ್ ಪುಸ್ತಕಗಳಿಗೇ ಸುಮಾರು 2,500 ರೂಪಾಯಿ. ಗೋಕುಲ ರೋಡಿನ ಆಚೆ ಇನ್ನೂ ಮನೆ ಏಳದ ಒಂದು ಲೇಔಟ್ ಇದೆ, ಡಾಂಬರು ಮಾತ್ರ ಹಾಕಿದ್ದಾರೆ. ಬೆಳಿಗ್ಗೆ ಅಲ್ಲಿ ಎಂಟರ ಆಕಾರದಲ್ಲಿ ಸುತ್ತುತ್ತಿದ್ದೆ. ಕ್ಲಚ್ ಅರ್ಧ ಬಿಟ್ಟು, ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ, ಎಕ್ಸಲೇಟರ್ ಒಂದೇ ಸಮ ಹಿಡಿಯಿರಿ ಅಂತಾರೆ ವಿಡಿಯೋದವರು. ಹಿಡಿದೆ. ಮೊದಲೇ ಸವೆದಿದ್ದ ಕ್ಲಚ್ ಪ್ಲೇಟ್ ಪೂರ್ತಿ ಹೋಯಿತು. ಅದು, ಎರಡು ಲಿವರ್, ಇಂಡಿಕೇಟರ್, ಸೊಟ್ಟಗಾದ ಫುಟ್‌ರೆಸ್ಟ್ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ. ವಾಚ್‌ಮನ್ ಒಂದು ದಿನ ತಡೆಯಲಾರದೆ ಕೇಳಿದ, "ಏನ್ ಕಳಕೊಂಡೀರಿ ಸರ್ರ? ಅಲ್ಲೇ ಅಲ್ಲೇ ತಿರಗಾಕತ್ತೀರಲ್ಲ!"

ವಿಚಿತ್ರ ಏನೆಂದರೆ ಎಡಕ್ಕೆ ಸಲೀಸಾಗಿ ತಿರುಗುತ್ತಿತ್ತು, ಬಿದ್ದದ್ದೆಲ್ಲ ಬಲಕ್ಕೆ. ಫೋನನ್ನು ಇಟ್ಟಿಗೆಗೆ ಒರಗಿಸಿ ವಿಡಿಯೋ ಮಾಡಿಕೊಂಡಾಗ ಕಾರಣ ಸಿಕ್ಕಿತು. ನನಗೆ ಪಾಠ ಹೇಳಿದ ಪುಸ್ತಕ, ವಿಡಿಯೋಗಳ ಅಮೆರಿಕದವರು ರಸ್ತೆಯ ಬಲಗಡೆ ಓಡಿಸುವವರು, ಅವರ ಯು-ಟರ್ನ್ ಎಡಕ್ಕೆ. ನಮ್ಮದು ಬಲಕ್ಕೆ. ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿದರೆ ಎಕ್ಸಲೇಟರ್ ಕೈ ಹೊಟ್ಟೆಯ ಹತ್ತಿರ ಬಂದು ಮಣಿಕಟ್ಟು ಮಡಚುತ್ತದೆ, ನಮಗೆ ಗೊತ್ತಿಲ್ಲದೆ ರೇಸ್ ಏರುತ್ತದೆ. ಬ್ಯಾಲೆನ್ಸ್ ತಪ್ಪಿದರೆ ಬಲಗಾಲು ಊರಬೇಕು, ಬ್ರೇಕ್ ಇರುವುದೂ ಅದೇ ಕಾಲಿಗೆ! ಅವರ ಪಾಠದಲ್ಲಿ ಈ ಎರಡು ಕಷ್ಟ ಅಷ್ಟಾಗಿ ಬರುವುದಿಲ್ಲ. ಮುಷ್ಟಿ ಕಟ್ಟುವುದು ಬಿಟ್ಟು ಸ್ಕ್ರೂಡ್ರೈವರ್ ಹಿಡಿದ ಹಾಗೆ ಗ್ರಿಪ್ಪನ್ನು ಓರೆಯಾಗಿ ಹಿಡಿದೆ. ಮೊಣಕೈ ಹೊರಗೆ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹೋಗಬೇಕಾದ ಕಡೆ. ವಾರದೊಳಗೆ ಬಂತು.

ಆಮೇಲೆ ಪುಸ್ತಕದ ಚಿತ್ರಗಳನ್ನೆಲ್ಲ ಕನ್ನಡಿಯಲ್ಲಿ ನೋಡತೊಡಗಿದೆ. ಸುಮ್ನೆ ಹೇಳುತ್ತಿಲ್ಲ, ಕನ್ನಡಿ ಮುಂದೆ ಪುಟ ಹಿಡಿದೇ ಕೂರುತ್ತಿದ್ದೆ. ಒಂದು ರಾತ್ರಿಗೆ ಒಂದೇ ಚಿತ್ರ, ಬೆಳಿಗ್ಗೆ ಅದೊಂದೇ ಅಭ್ಯಾಸ. ಗಡಿ ಗುರುತಿಗೆ ಅರ್ಧ ಕತ್ತರಿಸಿದ ಹಳೇ ಟೆನಿಸ್ ಬಾಲ್ ಇಟ್ಟೆ, ಚಕ್ರ ಹತ್ತಿದರೂ ಬೈಕ್ ಬೀಳುವುದಿಲ್ಲ. ಅಮೆರಿಕದ ಪರೀಕ್ಷೆಯಲ್ಲಿ ಸಣ್ಣ ಬೈಕಿಗೆ ಯು-ಟರ್ನ್ ಮಾಡಲು 20 ಅಡಿ ಅಗಲ ಕೊಡುತ್ತಾರೆ. ನಾನು 15ರಲ್ಲಿ ಮುಗಿಸುತ್ತೇನೆ.

ಬ್ರೇಕಿನ ಲೆಕ್ಕ ಇನ್ನೂ ಚೆನ್ನಾಗಿದೆ. ಸುಣ್ಣದ ಗೆರೆ ಹಾಕಿ, ಮೀಟರಿನಲ್ಲಿ 40 ನೋಡಿ ಹಿಂದಿನ ಬ್ರೇಕ್ ಮಾತ್ರ ಒತ್ತಿದರೆ ನಿಲ್ಲಲು 25 ಹೆಜ್ಜೆ ಬೇಕಿತ್ತು. ಮುಂದಿನದನ್ನು ಮೊದಲು ಮೆತ್ತಗೆ ಹಿಂಡಿ, ಫೋರ್ಕ್ (ಮುಂದಿನ ಚಕ್ರ ಹಿಡಿದ ಸ್ಪ್ರಿಂಗ್ ಕೊಳವೆಗಳು) ಕೆಳಗೆ ಕುಂತ ಮೇಲೆ ಜೋರು ಮಾಡಿ, ಹಿಂದಿನದನ್ನೂ ಸೇರಿಸಿದಾಗ 15 ಹೆಜ್ಜೆ. ಮುಂದಿನ ಬ್ರೇಕ್ ಹಿಡಿದರೆ ಮುಗ್ಗರಿಸುತ್ತೀ ಅನ್ನುವವರು ಒಮ್ಮೆ ಹೀಗೆ ಅಳೆದು ನೋಡಲಿ.

ಬಲಕ್ಕೆ ವಾಲಲು ಬಲ ಹ್ಯಾಂಡಲನ್ನೇ ಮುಂದಕ್ಕೆ ಒತ್ತಬೇಕು ಅಂದಾಗ ದೋಸ್ತ್ ಜಗಳಕ್ಕೇ ಬಂದ. ಅವನನ್ನೇನು ಅನ್ನುವುದು? ವಿಮಾನ ಮಾಡಿದ ವಿಲ್ಬರ್ ರೈಟ್ ಸೈಕಲ್ ಅಂಗಡಿಯವನು. ಅವನೂ ಸೈಕಲ್ ಸವಾರರನ್ನು ಹೇಗೆ ತಿರುಗಿಸುತ್ತೀರಿ ಅಂತ ಕೇಳಿದ್ದನಂತೆ, ಒಬ್ಬರೂ ಸರಿಯಾಗಿ ಹೇಳಲಿಲ್ಲವಂತೆ. ಕಾರವಾರ ರೋಡಿನಲ್ಲಿ 40ರ ಮೇಲಿನ ವೇಗದಲ್ಲಿ ಅವನಿಂದಲೇ ಬಲ ಹ್ಯಾಂಡಲನ್ನು ಒಂದೇ ಒಂದು ಬೆರಳಲ್ಲಿ ಒತ್ತಿಸಿದೆ, ಬೈಕ್ ಬಲಕ್ಕೇ ವಾಲಿತು. ದೋಸ್ತ್ ಸುಮ್ಮನಾದ.

ಮಳೆಗಾಲದಲ್ಲಿ ಇನ್ನೊಂದು ಪ್ರಯೋಗ. ಕೆಸರಿನಲ್ಲಿ ಫುಟ್‌ರೆಸ್ಟ್ ಮೇಲೆ ನಿಂತು ಓಡಿಸಿ ಅಂತಾರೆ. ನವಲಗುಂದ ಕಡೆಯ ಎರೆ ಹೊಲದ ದಾರಿಗೆ ಇಳಿಸಿದೆ. ಹತ್ತು ಮಾರು ಹೋಗುವುದರಲ್ಲಿ ಮಡ್‌ಗಾರ್ಡ್ ಒಳಗೆ ಮಣ್ಣು ಗಟ್ಟಿಯಾಗಿ ಚಕ್ರವೇ ತಿರುಗಲಿಲ್ಲ. ನಿಂತರೂ ಅಷ್ಟೇ, ಕೂತರೂ ಅಷ್ಟೇ. ಕಟ್ಟಿಗೆಯಲ್ಲಿ ಕೆರೆದು ಕೆರೆದು ಅರ್ಧ ದಿನ ಹೋಯಿತು. ಎರೆ ಮಣ್ಣಿಗೆ ಯಾವ ಪುಸ್ತಕವೂ ಇಲ್ಲ.

ಯಲ್ಲಾಪುರದಾಚೆಯ ಅರಬೈಲ್ ಘಟ್ಟಕ್ಕೆ ಹೋದದ್ದು ಇಷ್ಟೆಲ್ಲ ಆದ ಮೇಲೆ. ಹೊರಗಿನಿಂದ ಒಳಗೆ, ಮತ್ತೆ ಹೊರಗೆ ಅನ್ನುವ ರೇಸಿನ ಗೆರೆ ಅಲ್ಲಿ ಬೇಡವೇ ಬೇಡ, ಎದುರಿನ ಲಾರಿ ನಮ್ಮ ಕಡೆಗೇ ಕತ್ತರಿಸಿಕೊಂಡು ಬರುತ್ತದೆ. ನಡುಗೆರೆಯಿಂದ ಒಂದು ಮಾರು ಬಿಟ್ಟು, ರಸ್ತೆಯ ಎರಡು ಅಂಚು ದೂರದಲ್ಲಿ ಕೂಡುವ ಜಾಗ ನೋಡುತ್ತಾ ಹೋಗಿ. ಆ ಜಾಗ ನಮ್ಮತ್ತ ಬಂದರೆ ತಿರುವು ಬಿಗಿಯಾಗುತ್ತಿದೆ, ವೇಗ ಇಳಿಸಿ. ರಾತ್ರಿ ಇದು ಕಾಣುವುದಿಲ್ಲ ಅಲ್ವಾ, ಅದಕ್ಕೆ ನನ್ನದೇ ಒಂದು ಉಪಾಯ ಇದೆ. ಅದು ಲೇಔಟಿಗೆ ಬಂದವರಿಗೆ ಮಾತ್ರ. ಬರುವವರು ಹಳೇ ಟೆನಿಸ್ ಬಾಲ್ ತನ್ನಿ, ನನ್ನವನ್ನು ನಾಯಿಗಳು ಒಯ್ದಿವೆ.