ಕೊರಿಯನ್ ಭಾಷೆಯ ‘ಬಾಲ್‌ಹೆಂಗ್‌ಹಾದಾ’ ನನಗೆ ಒಲಿದ ಬಗೆ

ಕೊರಿಯನ್ ಕಲಿಯುತ್ತಾ ಮಧ್ಯಮ ಹಂತಕ್ಕೆ ಬಂದವರಿಗೆಲ್ಲ ಗೊತ್ತಿರುವ ವಿಷಯ ಇದು: ಅಲ್ಲಿಂದ ಮುಂದೆ ಭಾಷೆಯ ಬಣ್ಣವೇ ಬದಲಾಗುತ್ತದೆ. ಮಾತಿನಲ್ಲಿ ಬರುವುದು, ಹೋಗುವುದು, ತಿನ್ನುವುದು, ಕೊಳ್ಳುವುದು ಎಲ್ಲ ಅಚ್ಚ ಕೊರಿಯನ್ ಕ್ರಿಯಾಪದಗಳಲ್ಲಿ ನಡೆದುಹೋಗುತ್ತದೆ. ಆದರೆ ಕಚೇರಿಯ ಫಾರಂ, ಬ್ಯಾಂಕಿನ ನೋಟೀಸು, ಪತ್ರಿಕೆಯ ಆರ್ಥಿಕ ಪುಟ ಕೈಗೆತ್ತಿಕೊಂಡರೆ ಚೀನೀ ಮೂಲದ ಎರಡೆರಡು ಅಕ್ಷರಗಳ ಪದಗಳು ಸಾಲುಗಟ್ಟಿ ನಿಂತಿರುತ್ತವೆ. ನಾನು ಹಾಸನದ ಕಡೆಯವನು. ಈಗ ಸುವೊನ್ ನಗರದ ಒಂದು ಸಣ್ಣ ಕಂಪನಿಯ ಖರೀದಿ ವಿಭಾಗದಲ್ಲಿ ಕೆಲಸ. ಈ ಸಾಲಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದೂ, ಕೊನೆಗೆ ಹೆಚ್ಚು ಕಲಿಸಿದ್ದೂ ‘ಬಾಲ್‌ಹೆಂಗ್‌ಹಾದಾ’ ಮತ್ತು ಅದರ ಜೋಡಿ ‘ಬಾಲ್‌ಗುಪ್‌ಹಾದಾ’.

ಎರಡಕ್ಕೂ ಪದಪಟ್ಟಿಗಳಲ್ಲಿ ಕೊಡುವ ಇಂಗ್ಲಿಷ್ ಅರ್ಥ ಒಂದೇ: ಇಶ್ಯೂ. ಆ ಒಂದು ಪದ ಇಟ್ಟುಕೊಂಡು ಕಲಿಯಲು ಹೊರಟರೆ ದಾರಿ ಸಿಗುವುದಿಲ್ಲ ಎಂದು ಬೇಗ ಗೊತ್ತಾಯಿತು. ಅದನ್ನು ಬಿಟ್ಟು ಕನ್ನಡದ ಕಡೆಯಿಂದ ಹೋದೆ. ನಾವು ಪ್ರಮಾಣಪತ್ರ ‘ಕೊಡುತ್ತೇವೆ’, ಆದೇಶ ‘ಹೊರಡಿಸುತ್ತೇವೆ’, ನೋಟೀಸು ‘ಜಾರಿ ಮಾಡುತ್ತೇವೆ’, ನೋಟು ‘ಚಲಾವಣೆಗೆ ತರುತ್ತೇವೆ’, ಪುಸ್ತಕ ‘ಪ್ರಕಟಿಸುತ್ತೇವೆ’. ವಸ್ತು ಬದಲಾದಂತೆ ಕ್ರಿಯಾಪದ ಬದಲಾಗುವುದು ನಮಗೆ ಹೊಸದಲ್ಲ.

ಹಾಗಾಗಿ ಪದವನ್ನು ಒಡೆದು ನೋಡಿದೆ. ‘ಬಾಲ್’ ಎಂದರೆ ಹೊರಡುವುದು, ಹೊಮ್ಮುವುದು. ರೈಲು ನಿಲ್ದಾಣದಲ್ಲಿ ದಿನವೂ ಕಾಣುವ ‘ಛುಲ್‌ಬಾಲ್’, ಅಂದರೆ ನಿರ್ಗಮನ, ಅದೇ ಬಾಲ್. ‘ಹೆಂಗ್’ ಎಂದರೆ ನಡೆ, ಸಾಗು. ಪ್ರವಾಸಕ್ಕೆ ‘ಯೊಹೆಂಗ್’ ಎನ್ನುವಾಗ ಬರುವುದೂ ಅದೇ. ಎರಡನ್ನೂ ಕೂಡಿಸಿದರೆ ಹೊರಡಿಸಿ ನಡೆಯಬಿಡುವುದು ಎಂದಾಯಿತು. ನಮ್ಮ ‘ಹೊರಡಿಸು’ ಮತ್ತು ‘ಚಲಾವಣೆ’ ಒಂದೇ ಪದದಲ್ಲಿ ಕೂತಿವೆ! ಇನ್ನು ‘ಗುಪ್’ ಎಂದರೆ ಕೊಡುವುದು. ಅದನ್ನು ಮರೆಯುವ ಪ್ರಶ್ನೆಯೇ ಇಲ್ಲ, ಏಕೆಂದರೆ ತಿಂಗಳ ಸಂಬಳಕ್ಕೆ ಕೊರಿಯನ್ನರು ‘ವೊಲ್‌ಗುಪ್’ ಎನ್ನುತ್ತಾರೆ. ಬಾಲ್‌ಗುಪ್ ಎಂದರೆ ಹೊರಡಿಸಿ ಒಬ್ಬರ ಕೈಗೆ ಕೊಡುವುದು. ಕೊರಿಯಾದ ರಾಷ್ಟ್ರೀಯ ಭಾಷಾ ಸಂಸ್ಥೆಯ ನಿಘಂಟೂ ಬಾಲ್‌ಹೆಂಗ್‌ಗೆ ಎರಡು ಅರ್ಥ ಕೊಡುತ್ತದೆ. ಅಚ್ಚು ಹಾಕಿ ಲೋಕಕ್ಕೆ ಹೊರತರುವುದು ಒಂದು; ನೋಟು, ಸಾಲಪತ್ರ, ಪ್ರಮಾಣಪತ್ರ ಮೊದಲಾದವನ್ನು ತಯಾರಿಸಿ ಎಲ್ಲೆಡೆ ಬಳಕೆಯಾಗುವಂತೆ ಹೊರಬಿಡುವುದು ಇನ್ನೊಂದು. ಬಾಲ್‌ಗುಪ್ ಎಂದರೆ ಪ್ರಮಾಣಪತ್ರದಂಥವನ್ನು ಬಾಲ್‌ಹೆಂಗ್ ಮಾಡಿ ಕೊಡುವುದು ಎಂದೇ ಬರೆದಿದೆ. ಕೈ ಎಲ್ಲಿದೆ, ಲೋಕ ಎಲ್ಲಿದೆ ಎಂದು ನೋಡಿದರೆ ಬಹುಪಾಲು ಪ್ರಸಂಗ ಬಗೆಹರಿಯುತ್ತದೆ.

ನಾನು ‘ಬಾಲ್‌ಗುಪ್’ ಅನ್ನು ಕಂಡದ್ದು ಕೊರಿಯಾಕ್ಕೆ ಕಾಲಿಡುವ ಮೊದಲೇ. ಕೆಲಸಕ್ಕೆ ಕರೆಸಿಕೊಳ್ಳುವ ಕಡೆಯವರು ಅಲ್ಲಿನ ವಲಸೆ ಕಚೇರಿಯಿಂದ ತೆಗೆಸಿ ಕಳಿಸುವ ವೀಸಾ ಮಂಜೂರಾತಿ ದೃಢೀಕರಣಕ್ಕೆ ‘ಸಾಜುಂಗ್ ಬಾಲ್‌ಗುಪ್ ಇನ್‌ಜೊಂಗ್‌ಸೊ’ ಎಂದು ಹೆಸರು. ವೀಸಾ ಎನ್ನುವ ಆಡುಮಾತು ಕೊರಿಯನ್ನಿನಲ್ಲೂ ಇದೆ, ಆದರೆ ಸರ್ಕಾರಿ ಕಾಗದದಲ್ಲಿ ಅದು ‘ಸಾಜುಂಗ್’. ದಾಖಲೆಗಳ ಪಟ್ಟಿಯಲ್ಲಿ ಇನ್ನೊಂದು ಸಾಲು ಪದೇ ಪದೇ ಬರುತ್ತಿತ್ತು: ‘ಬಾಲ್‌ಗುಬಿಲ್‌ನಿಂದ ಮೂರು ತಿಂಗಳ ಒಳಗಿನದು’. ಬಾಲ್‌ಗುಬಿಲ್ ಎಂದರೆ ಕಾಗದ ಕೊಟ್ಟ ದಿನಾಂಕ. ಊರಿನಲ್ಲಿ ಪೊಲೀಸ್ ಪ್ರಮಾಣಪತ್ರ ಮಾಡಿಸಿ, ಹೊರದೇಶದಲ್ಲಿ ಆ ಕಾಗದ ಮಾನ್ಯವಾಗಲು ಬೇಕಾದ ಅಪೊಸ್ಟಿಲ್ ಮುದ್ರೆ ಹಾಕಿಸುವ ಹೊತ್ತಿಗೆ ಈ ದಿನಾಂಕದ ಲೆಕ್ಕ ಎಷ್ಟು ಮುಖ್ಯ ಎಂಬುದು ಅಲೆದವರಿಗೇ ಗೊತ್ತು. ಆ ಒಂದು ಪದ ನನಗೆ ಪುಸ್ತಕವಿಲ್ಲದೇ ಬಂತು.

ತೊಂಬತ್ತು ದಿನಕ್ಕಿಂತ ಹೆಚ್ಚು ಇರುವ ವಿದೇಶಿಯರು, ಬಂದ ತೊಂಬತ್ತು ದಿನಗಳ ಒಳಗೆ ನೋಂದಣಿ ಮಾಡಿಸಿಕೊಂಡು ಗುರುತಿನ ಚೀಟಿ ಪಡೆಯಬೇಕು. ನಿಜವಾದ ಪಾಠ ಶುರುವಾಗುವುದು ಆ ಕೌಂಟರಿನ ಮುಂದೆ. ಪಠ್ಯಪುಸ್ತಕ ‘ಬಾಲ್‌ಗುಪ್‌ಹಾದಾ’ ಎಂದು ಕಲಿಸುತ್ತದೆ. ಆದರೆ ಕೊಡುವವರು ಅವರು, ನಾವಲ್ಲ. ಅರ್ಜಿದಾರನ ಬಾಯಲ್ಲಿ ಬರಬೇಕಾದ್ದು ‘ಬಾಲ್‌ಗುಪ್‌ಬಾತ್ತಾ’, ಅಂದರೆ ಕೊಡಮಾಡಿದ್ದನ್ನು ಪಡೆ. ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಸಂಸ್ಕೃತದಿಂದಲೋ ಪಾರ್ಸಿಯಿಂದಲೋ ಬಂದ ನಾಮಪದ ತಂದು ‘ಮಂಜೂರು ಮಾಡು’, ‘ಮಂಜೂರು ಆಗು’, ‘ಮಂಜೂರಾತಿ ಪಡೆ’ ಎಂದು ಬಾಲ ಕಟ್ಟುವುದು ನಮಗೆ ಹುಟ್ಟಿನಿಂದ ರೂಢಿ. ಕೊರಿಯನ್ನರು ಚೀನೀ ನಾಮಪದಕ್ಕೆ ಅದನ್ನೇ ಮಾಡುತ್ತಾರೆ: ‘ಹಾದಾ’ ಎಂದರೆ ಮಾಡು, ‘ದ್ವೇದಾ’ ಎಂದರೆ ಆಗು, ‘ಬಾತ್ತಾ’ ಎಂದರೆ ಪಡೆ. ವಾಕ್ಯದ ಕೊನೆಗೆ ಕ್ರಿಯಾಪದ ಬರುವುದೂ ನಮ್ಮ ಹಾಗೆಯೇ. ಆದ್ದರಿಂದ ಇಂಥ ಪದ ಸಿಕ್ಕಾಗ ನಾನು ಒಂಟಿಯಾಗಿ ಬರೆದುಕೊಳ್ಳುವುದಿಲ್ಲ. ಮೂರು ರೂಪಗಳನ್ನೂ ಒಟ್ಟಿಗೆ, ಪಕ್ಕದಲ್ಲಿ ಕನ್ನಡದ ಮೂರು ರೂಪಗಳೊಂದಿಗೆ ಬರೆಯುತ್ತೇನೆ.

ಒಂದು ಕಡೆ ಮಾತ್ರ ಕನ್ನಡ ಕೈಹಿಡಿಯುವುದಿಲ್ಲ. ನಾವು ‘ಪಾಸ್‌ಪೋರ್ಟ್ ಮಾಡಿಸಿದೆ’, ‘ಜಾತಿ ಸರ್ಟಿಫಿಕೇಟ್ ಮಾಡಿಸಿದೆ’ ಎನ್ನುತ್ತೇವೆ. ನಾಡಕಚೇರಿಯಲ್ಲಿ ಕೆಲಸ ಮಾಡಿದ್ದು ಅವರಾದರೂ ಮಾಡಿಸಿದ್ದು ನಾವು. ಆ ‘ಇಸು’ವನ್ನು ಕೊರಿಯನ್ನಿಗೆ ಹೊತ್ತುಕೊಂಡು ಹೋದರೆ, ಕಚೇರಿಯವರಿಂದ ಬಲವಂತವಾಗಿ ಮಾಡಿಸಿದೆ ಎಂಬ ಧ್ವನಿ ಬರುತ್ತದೆ. ಇಲ್ಲಿ ‘ಪಡೆದೆ’ ಎನ್ನುವುದೇ ಸರಿ. ಕೌಂಟರಿನಲ್ಲಿ ನಾನು ಹೇಳುವ ವಾಕ್ಯ ಈಗ ಹೀಗಿರುತ್ತದೆ: ‘ಜುಂಗ್‌ಮ್ಯೊಂಗ್‌ಸೊ ಬಾಲ್‌ಗುಪ್‌ಬಾದುರೊ ವಾನ್ನುನ್‌ದೇಯೋ’, ಪ್ರಮಾಣಪತ್ರ ಪಡೆಯಲು ಬಂದಿದ್ದೆ. ಕೊನೆಯ ‘ನುನ್‌ದೇಯೋ’ ಮಾತನ್ನು ಅರ್ಧಕ್ಕೆ ಬಿಟ್ಟಂತೆ ಕೇಳಿಸುತ್ತದೆ, ಅದರಲ್ಲೇ ವಿನಯವಿದೆ. ‘ಸರ್, ಒಂದು ಸರ್ಟಿಫಿಕೇಟ್ ಬೇಕಿತ್ತು’ ಎಂದು ನಾವು ಭೂತಕಾಲದಲ್ಲಿ ಕೇಳುತ್ತೇವಲ್ಲ, ಅದೇ ಜಾಯಮಾನ. ಆ ಕಡೆಯವರು ನನ್ನನ್ನು ‘ಸೊನ್‌ಸೆಂಗ್‌ನಿಮ್’ ಎನ್ನುತ್ತಾರೆ. ಮೇಷ್ಟ್ರೇ ಎಂಬ ಅರ್ಥದ ಪದವಾದರೂ ಅಪರಿಚಿತರಿಗೆ ಮರ್ಯಾದೆಗೆ ಬಳಸುತ್ತಾರೆ. ನಾನೂ ಅವರನ್ನು ಹಾಗೇ ಕರೆಯುತ್ತೇನೆ.

ಕಿವಿ ತೆರೆದು ಸಾಲಿನಲ್ಲಿ ನಿಂತರೆ ಇನ್ನೊಂದು ಗುಟ್ಟು ತಿಳಿಯುತ್ತದೆ. ಬೋರ್ಡಿನ ಮೇಲೆ, ಯಂತ್ರದ ಮೇಲೆ ಬಾಲ್‌ಗುಪ್ ಇರುತ್ತದೆ. ಜಿಲ್ಲಾ ಕಚೇರಿಗಳಲ್ಲೂ ಸಬ್‌ವೇ ನಿಲ್ದಾಣಗಳಲ್ಲೂ ನಿಲ್ಲಿಸಿರುವ ಪ್ರಮಾಣಪತ್ರದ ಯಂತ್ರಕ್ಕೆ ‘ಮುಇನ್ ಮಿನ್‌ವೊನ್ ಬಾಲ್‌ಗುಪ್‌ಗಿ’ ಎಂದು ಉದ್ದನೆಯ ಹೆಸರು: ಸಿಬ್ಬಂದಿ ಇಲ್ಲದೆ ಸಾರ್ವಜನಿಕರ ಅರ್ಜಿಗೆ ಕಾಗದ ಕೊಡುವ ಯಂತ್ರ. ಆದರೆ ಅದರ ಮುಂದೆ ನಿಂತ ಅಜ್ಜಿ ‘ದುಂಗ್‌ಬೋನ್ ತ್ತೇರೊ ವಾಸ್ಸೊಯೋ’ ಎನ್ನುತ್ತಾರೆ. ‘ತ್ತೇದಾ’ ಎಂದರೆ ಕೀಳು, ಬಿಡಿಸು. ಕುಟುಂಬದ ನೋಂದಣಿ ಪ್ರತಿಯನ್ನು ಕಿತ್ತುಕೊಳ್ಳಲು ಬಂದೆ ಎಂದ ಹಾಗೆ! ಕಂಪನಿಗಳಲ್ಲಿ ಬಿಲ್ಲಿಗೆ ‘ಕ್ಕುನ್ಥಾ’ ಎನ್ನುತ್ತಾರೆ, ಅದೆಂದರೆ ತುಂಡರಿಸು. ರಸೀದಿ ‘ಹರಿದು ಕೊಡಿ’ ಎನ್ನುವ ನಮಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ. ನನ್ನ ಅಭಿಪ್ರಾಯದಲ್ಲಿ ಔಪಚಾರಿಕ ಪದವನ್ನು ಅದರ ಆಡುಮಾತಿನ ಜೋಡಿಯೊಂದಿಗೆ ಕಲಿಯದಿದ್ದರೆ ಅರ್ಧ ಕಲಿತಂತೆ. ಕೇಳುವಾಗ ಒಂದು, ಓದುವಾಗ ಇನ್ನೊಂದು ಎದುರಾಗುತ್ತದೆ.

ಬಾಲ್‌ಹೆಂಗ್ ಕೌಂಟರಿನಲ್ಲಿ ಸಿಗುವ ಪದವಲ್ಲ. ಅದಕ್ಕೆ ಬೇರೆ ಕಡೆ ಹೋಗಬೇಕಾಯಿತು. ಸೋಲ್‌ನಲ್ಲಿ ಬ್ಯಾಂಕ್ ಆಫ್ ಕೊರಿಯಾದ ಹಳೆಯ ಕಲ್ಲಿನ ಕಟ್ಟಡವಿದೆ, 1912ರಲ್ಲಿ ಪೂರ್ಣಗೊಂಡದ್ದು, ಈಗ ಹಣದ ವಸ್ತುಸಂಗ್ರಹಾಲಯ. ಪ್ರದರ್ಶನದ ಬರಹಗಳ ತುಂಬ ಬಾಲ್‌ಹೆಂಗ್. ನೋಟು ಅಚ್ಚು ಹಾಕುವುದು ಕೊರಿಯಾ ಟಂಕಸಾಲೆ ನಿಗಮ, ಆದರೆ ಅಚ್ಚಾದ ಮಾತ್ರಕ್ಕೆ ಅದು ಹಣವಲ್ಲ. ಕೇಂದ್ರ ಬ್ಯಾಂಕು ಬಾಲ್‌ಹೆಂಗ್ ಮಾಡಿದಾಗಲೇ ಹಣ. ಹಿಂದಿನ ಕಾಲದ ಕಲಾವಿದೆ ಶಿನ್ ಸಾಇಮ್‌ದಾಂಗ್ ಅವರ ಚಿತ್ರವಿರುವ 50,000 ವೊನ್ ನೋಟು 2009ರ ಜೂನ್ 23ರಂದು ‘ಬಾಲ್‌ಹೆಂಗ್ ಆಯಿತು’. ಅಚ್ಚು ಬೇರೆ, ಬಿಡುಗಡೆ ಬೇರೆ ಎಂಬ ಈ ಭೇದ ಹಿಡಿದ ಮೇಲೆ ಸರ್ಕಾರಿ ಸಾಲಪತ್ರ, ಸ್ಮಾರಕ ಅಂಚೆಚೀಟಿ, ಗಿಫ್ಟ್ ಕಾರ್ಡು ಎಲ್ಲಕ್ಕೂ ಅದೇ ಕ್ರಿಯಾಪದ ಏಕೆ ಎಂದು ಕೇಳಬೇಕಾಗಲಿಲ್ಲ.

ಪುಸ್ತಕದಂಗಡಿಯಲ್ಲೂ ಒಂದು ಅಭ್ಯಾಸ ಬೆಳೆಸಿಕೊಂಡೆ: ಪುಸ್ತಕ ಕೈಗೆ ಬಂದೊಡನೆ ಪ್ರಕಾಶಕರ ವಿವರದ ಪುಟ ತೆಗೆಯುವುದು. ‘ಮೊದಲ ಆವೃತ್ತಿ, ಮೊದಲ ಮುದ್ರಣ ಬಾಲ್‌ಹೆಂಗ್’ ಎಂದು ದಿನಾಂಕ ಕೊಟ್ಟಿರುತ್ತಾರೆ. ಅದರ ಕೆಳಗೆ ಕೆಲವರು ‘ಬಾಲ್‌ಹೆಂಗಿನ್’ ಎಂದು ಬರೆದರೆ, ಕೆಲವರು ಅಚ್ಚ ಕೊರಿಯನ್ನಿನಲ್ಲಿ ‘ಫ್ಯೊನೆನಿ’ ಎಂದು ಬರೆಯುತ್ತಾರೆ. ಇಬ್ಬರೂ ಪ್ರಕಾಶಕರೇ. ‘ಪ್ರಕಟಣೆ’ ಎನ್ನುವವರೂ ‘ಹೊರತಂದವರು’ ಎನ್ನುವವರೂ ನಮ್ಮಲ್ಲೂ ಇದ್ದಾರೆ. ಯಾವ ಪ್ರಕಾಶನ ಯಾವುದನ್ನು ಆರಿಸುತ್ತದೆ ಎಂದು ನೋಡುವುದೇ ನನಗೆ ಒಂದು ಚಟವಾಯಿತು.

ಎರಡೂ ಪದಗಳನ್ನು ಒಂದೇ ಪುಟದಲ್ಲಿ ನೋಡಬೇಕೇ? ಕೊರಿಯನ್ ಪಾಸ್‌ಪೋರ್ಟ್ ನೋಡಿ. ಬೆಂಗಳೂರಿಗೆ ಹೊರಟಿದ್ದ ಸಹೋದ್ಯೋಗಿಗೆ ಭಾರತದ ಇ-ವೀಸಾ ಫಾರಂ ತುಂಬಿಕೊಡುವಾಗ ಗಮನಿಸಿದೆ. ಕೊಟ್ಟ ದಿನಾಂಕಕ್ಕೆ ‘ಬಾಲ್‌ಗುಬಿಲ್’, ಕೊಟ್ಟ ಅಧಿಕಾರಿ ಸಂಸ್ಥೆಗೆ ‘ಬಾಲ್‌ಹೆಂಗ್ ಗ್ವಾನ್‌ಛೊಂಗ್’. ಆ ವ್ಯಕ್ತಿಯ ಕೈಗೆ ಬಂದ ದಿನ ಒಂದು. ಲೋಕದ ಎದುರು ಈ ಪುಸ್ತಿಕೆಗೆ ಹೊಣೆ ಹೊತ್ತ ಸರ್ಕಾರ ಇನ್ನೊಂದು. ನಾನು ಹೀಗೆ ಅರ್ಥ ಮಾಡಿಕೊಂಡೆ. ಸಹೋದ್ಯೋಗಿಯನ್ನು ಕೇಳಿದರೆ ‘ಓ, ಹೌದಲ್ಲ’ ಎಂದು ನಕ್ಕರು. ಅವರೆಂದೂ ಅದನ್ನು ನೋಡಿರಲಿಲ್ಲ.

ಇಷ್ಟೆಲ್ಲ ಗೆರೆ ಎಳೆದು ಕೂತವನಿಗೆ ಆಫೀಸಿನಲ್ಲಿ ಆ ಗೆರೆ ಅಳಿಸಿಹೋಗುವುದೂ ಕಂಡಿತು. ಅಲ್ಲಿ ತಿಂಗಳಿಡೀ ಕಿವಿಗೆ ಬೀಳುವುದು ‘ಸೇಗುಮ್ ಗ್ಯೇಸಾನ್‌ಸೊ’, ಶೇಕಡಾ 10ರ ಮೌಲ್ಯವರ್ಧಿತ ತೆರಿಗೆಯ ಬಿಲ್ಲು. ಕಂಪನಿಗಳು ಇದನ್ನು 2011ರಿಂದ ಕಡ್ಡಾಯವಾಗಿ ವಿದ್ಯುನ್ಮಾನ ರೂಪದಲ್ಲಿ ಕೊಡಬೇಕು. ತಿಂಗಳ ವಹಿವಾಟನ್ನು ಒಟ್ಟುಗೂಡಿಸಿ ಕೊಡುವುದಾದರೆ ಮುಂದಿನ ತಿಂಗಳ 10ನೇ ತಾರೀಖು ಗಡುವು. ಕಾನೂನಿನಲ್ಲೂ, ತೆರಿಗೆ ಇಲಾಖೆಯ ಹೋಮ್‌ಟ್ಯಾಕ್ಸ್ ಪುಟದಲ್ಲೂ ಇದಕ್ಕೆ ‘ಬಾಲ್‌ಗುಪ್’ ಎಂದೇ ಇದೆ. ಆದರೆ ಇಡೀ ವ್ಯಾಪಾರ ಲೋಕ ‘ಬಾಲ್‌ಹೆಂಗ್’ ಎನ್ನುತ್ತದೆ. ಕೊಳ್ಳುವವನೇ ಬಿಲ್ಲು ಸಿದ್ಧಪಡಿಸಿ ಮಾರುವವನ ಒಪ್ಪಿಗೆ ಪಡೆಯುವ ಪದ್ಧತಿಗೆ ‘ಯೊಕ್‌ಬಾಲ್‌ಹೆಂಗ್’, ಅಂದರೆ ಹಿಮ್ಮುಖ ಬಾಲ್‌ಹೆಂಗ್, ಎಂಬ ಹೆಸರೂ ನಿಂತುಬಿಟ್ಟಿದೆ. ಖರೀದಿ ವಿಭಾಗದವನಾದ ನನಗೆ ಇದು ಅನ್ನದ ಪದ. ಲೆಕ್ಕಪತ್ರದ ‘ಗ್ವಾಜಂಗ್‌ನಿಮ್’, ಅಂದರೆ ವಿಭಾಗದ ಮುಖ್ಯಸ್ಥರು, ಇಮೇಲಿನಲ್ಲಿ ‘ಬಾಲ್‌ಹೆಂಗ್ ಮಾಡಿಕೊಡಬೇಕಾಗಿ ವಿನಂತಿ’ ಎಂದು ಬರೆದು, ಫೋನೆತ್ತಿದ ಕೂಡಲೇ ‘ಕ್ಕುನೊ ಜುಸೇಯೋ’, ಹರಿದು ಕೊಡಿ, ಎನ್ನುತ್ತಾರೆ. ನಿಯಮಕ್ಕಿಂತ ಅವರ ಬಾಯಿಯೇ ನನಗೆ ಪ್ರಮಾಣ. ಅರ್ಜಿ ಬರೆಯುವಾಗ ಮಾತ್ರ ಕಾನೂನಿನ ಪದಕ್ಕೆ ಮರಳುತ್ತೇನೆ.

ಉಚ್ಚಾರದ ಮಾತು ಚಿಕ್ಕದು, ಆದರೂ ಹೇಳಬೇಕು. ‘ಬಾಲ್‌ಗುಪ್‌ಹಾದಾ’ ಎಂದು ಬರೆದರೂ ಬಾಯಲ್ಲಿ ಅದು ‘ಬಾಲ್‌ಗುಫಾದಾ’. ಪಕಾರಕ್ಕೆ ಹಕಾರ ಸೇರಿ ಮಹಾಪ್ರಾಣವಾಗುತ್ತದೆ. ನಮ್ಮ ವರ್ಣಮಾಲೆಯಲ್ಲಿ ಆ ಫಕಾರ ಇದ್ದೇ ಇದೆ. ತೊಂದರೆಯೆಂದರೆ ‘ಫೋನು’, ‘ಫ್ಯಾನು’ ಹೇಳಿ ಹೇಳಿ ನಾವು ಅದನ್ನು ತುಟಿ ಹಲ್ಲಿನ ನಡುವೆ ಊದಿಬಿಡುತ್ತೇವೆ. ಎರಡು ತುಟಿ ಮುಚ್ಚಿ, ಸಂಸ್ಕೃತ ಮೇಷ್ಟ್ರು ‘ಫಲ’ ಹೇಳಿಸಿದ ಹಾಗೆ ಹೇಳಿದರೆ ಸರಿ. ಬಾಲ್‌ಹೆಂಗ್‌ನಲ್ಲಿ ಹಕಾರ ವೇಗದ ಮಾತಿನಲ್ಲಿ ಸೊರಗಿ ‘ಬಾರೆಂಗ್’ ಎಂದು ಕೇಳಿಸುತ್ತದೆ. ಸುದ್ದಿ ಓದುವವರು ಮಾತ್ರ ಅದನ್ನು ಉಳಿಸಿಕೊಳ್ಳುತ್ತಾರೆ.

ಕೊರಿಯನ್ ಭಾಷೆ ಎಷ್ಟು ಬರುತ್ತದೆ ಎಂದು ಅಳೆಯುವ ಟೋಪಿಕ್ ಪರೀಕ್ಷೆಗೆ ಓದುವವರಿಗೆ ಒಂದು ಮಾತು. ಅದರ ಮೇಲಿನ ಹಂತವಾದ ಟೋಪಿಕ್ 2ರ ಬರವಣಿಗೆಯಲ್ಲಿ 51ನೇ ಪ್ರಶ್ನೆ ಒಂದು ಪ್ರಕಟಣೆಯನ್ನೋ ಇಮೇಲನ್ನೋ ಕೊಟ್ಟು ಖಾಲಿ ಜಾಗ ತುಂಬಿಸುತ್ತದೆ. ಇಂಥ ಪದಗಳ ‘ಮಾಡು’ ರೂಪ ಮಾತ್ರ ಗೊತ್ತಿದ್ದು ‘ಪಡೆ’ ರೂಪ ಗೊತ್ತಿರದಿದ್ದರೆ ಅಲ್ಲಿ ಕೈ ಕಟ್ಟುತ್ತದೆ. ನಾನು ತಯಾರಿಗೆ ಪ್ರತ್ಯೇಕ ಪುಸ್ತಕ ಕೊಳ್ಳಲಿಲ್ಲ. ಬ್ಯಾಂಕು, ವಿಮೆ, ಮೊಬೈಲ್ ಕಂಪನಿ ಕಳಿಸುವ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು, ಕ್ರಿಯಾಪದದ ಜಾಗ ಮುಚ್ಚಿ, ಮರುದಿನ ನಾನೇ ತುಂಬುತ್ತಿದ್ದೆ. ಕಾರ್ಡು ಕಳೆದುಕೊಂಡಾಗ ಬರುವ ‘ಜೆಬಾಲ್‌ಗುಪ್’, ಮರುವಿತರಣೆ, ಸಿಕ್ಕಿದ್ದು ಅಂಥ ಒಂದು ಸಂದೇಶದಲ್ಲೇ.

ಈಗ ಬಾಲ್ ಕುಟುಂಬದ ಉಳಿದವರ ಹಿಂದೆ ಬಿದ್ದಿದ್ದೇನೆ. ಮಳೆಗಾಲದಲ್ಲಿ ಫೋನು ಕಿರುಚಿ ಬರುವ ಸಂದೇಶದಲ್ಲಿ ಭಾರೀ ಮಳೆಯ ಎಚ್ಚರಿಕೆ ‘ಬಾಲ್‌ಹ್ಯೋ’ ಎಂದಿರುತ್ತದೆ, ಜಾರಿಯಲ್ಲಿದೆ ಎಂದರ್ಥ. ಕಿಮ್ಚಿ ಹುಳಿಬರುವುದಕ್ಕೂ ಕೇಳಲು ಇದೇ ‘ಬಾಲ್‌ಹ್ಯೋ’, ಚೀನೀ ಅಕ್ಷರ ಮಾತ್ರ ಬೇರೆ. ಮಳೆಯ ಎಚ್ಚರಿಕೆ ಹುಳಿ ಬಂದಿದೆ ಎಂದು ಊರಿಗೆ ಫೋನಿನಲ್ಲಿ ಹೇಳಿದಾಗ ಅಮ್ಮ, ‘ಇಡ್ಲಿ ಹಿಟ್ಟಿಗೂ ಅದೇ ಮಾತೇನೋ?’ ಎಂದರು. ಹೌದಮ್ಮ, ಅದಕ್ಕೂ ಅದೇ.