ಮಹಡಿ ಮೇಲಕ್ಕೆ ನೆಟ್: ಹಳೇ ರೌಟರ್, ಒಂದೇ ಕೇಬಲ್

ಕೆಳಗೆ ಹಾಲ್‌ನಲ್ಲಿ ಫೈಬರ್ ರೌಟರ್, ಮೇಲಿನ ಕೋಣೆಯಲ್ಲಿ ವೈಫೈ ಒಂದೇ ಕಡ್ಡಿ. ಆರ್‌ಸಿಸಿ ಸ್ಲ್ಯಾಬ್ ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ. 5 ಗಿಗಾಹರ್ಟ್ಸ್‌ನದಂತೂ ಕೇಳಲೇಬೇಡಿ. ರಿಪೀಟರ್ ಹಾಕಲಿಲ್ಲ. ಮೇಲಿಟ್ಟರೆ ಅದು ಆ ಸೊರಗಿದ ಸಿಗ್ನಲ್ಲನ್ನೇ ಹಿಡಿದು ಮತ್ತೆ ಬಿಡುತ್ತದೆ. ಬದಲಿಗೆ ಹಳೇ ರೌಟರೊಂದನ್ನು ಮೇಲಿಟ್ಟು, ಕೇಬಲ್‌ನಿಂದ ಕೆಳಗಿನದಕ್ಕೆ ಜೋಡಿಸಿದೆ. ಬಳಸದೆ ಬಿದ್ದಿದ್ದ ಆ ರೌಟರ್, 20 ಮೀಟರ್ ಕ್ಯಾಟ್6 (ಎಂಟು ಎಳೆಯ ನೆಟ್‌ವರ್ಕ್) ಕೇಬಲ್, ಅದರ ತುದಿಗೆ ಹಾಕುವ ನಾಲ್ಕು ಆರ್‌ಜೆ45 ಕನೆಕ್ಟರ್ (ಬೇಕಿದ್ದದ್ದು ಎರಡು, ಉಳಿದೆರಡು ಕೆಡಿಸಲು), ಕನೆಕ್ಟರನ್ನು ಎಳೆಗಳಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್, ಟೆಸ್ಟರ್. ಇಷ್ಟೇ ಸಾಮಾನು.

ಕೇಬಲ್ ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಬಾಗಿಸಿದಲ್ಲಿ ಬೇಗ ಮುರಿಯುತ್ತದೆ.

ಎರಡೂ ತುದಿಗೆ ಹಾಕಿದ ಬಣ್ಣದ ಕ್ರಮ ಇದು: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯನ್ನು ಬೇರ್ಪಡಿಸಿ ಮಧ್ಯೆ ನೀಲಿ ಕೂರಿಸುವುದು ವಿಚಿತ್ರ ಎನಿಸಿ, ಹೊಸಬರು ಜೋಡಿ ಜೋಡಿಯಾಗಿಯೇ ಸಾಲಿಗಿಟ್ಟುಬಿಡುತ್ತಾರೆ. ಟೆಸ್ಟರ್‌ನಲ್ಲಿ ಎಂಟೂ ದೀಪ ಹತ್ತುತ್ತವೆ, ಏಕೆಂದರೆ ಅದು ನೋಡುವುದು ತಂತಿ ತುಂಡಾಗಿದೆಯೇ ಎಂಬುದನ್ನಷ್ಟೆ. ಆದರೆ 3 ಮತ್ತು 6ನೇ ಪಿನ್ನುಗಳು ಒಂದೇ ಸಿಗ್ನಲ್ಲಿನ ಎರಡು ಕಾಲುಗಳು. ಅವೆರಡೂ ಒಂದಕ್ಕೊಂದು ಹೆಣೆದ ತಂತಿಗಳೇ ಆಗಿರಬೇಕು. ಇಲ್ಲದಿದ್ದರೆ ಪಕ್ಕದ ಜೋಡಿಯ ಗದ್ದಲ ಒಳಗೆ ನುಗ್ಗುತ್ತದೆ, ಉದ್ದದ ಕೇಬಲ್‌ನಲ್ಲಿ ವೇಗ ಕುಸಿಯುತ್ತದೆ. ಹೆಣಿಗೆ ಬಿಚ್ಚುವುದೂ ಅರ್ಧ ಇಂಚು ಮೀರಬಾರದು. ಹೊರಗಿನ ಕವಚ ಕನೆಕ್ಟರ್ ಒಳಗೆ ಹೋಗಿ ಕ್ಲಿಪ್ಪಿಗೆ ಸಿಕ್ಕಿರಲಿ.

ಹಳೇ ರೌಟರನ್ನು ಕೆಳಗಿನದಕ್ಕೆ ಜೋಡಿಸುವ ಮೊದಲೇ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ಸೆಟ್ಟಿಂಗ್ ಬದಲಿಸಿದೆ. ಎರಡರದೂ ವಿಳಾಸ 192.168.1.1 ಆಗಿತ್ತು, ಹಳೆಯದಕ್ಕೆ 192.168.1.2 ಕೊಟ್ಟು ಅದರ ಡಿಎಚ್‌ಸಿಪಿ ಆಫ್ ಮಾಡಿದೆ. ಫೋನ್ ಕೇಳಿದಾಗ ಖಾಲಿ ಇರುವ ಐಪಿ ವಿಳಾಸ ಹಂಚುವುದು, ಹೊರಗೆ ಹೋಗುವ ಬಾಗಿಲು ಅಂದರೆ ಗೇಟ್‌ವೇ ಯಾವುದೆಂದು ತಿಳಿಸುವುದು ಡಿಎಚ್‌ಸಿಪಿ ಕೆಲಸ. ಹೀಗೆ ಜೋಡಿಸಿದ ಮನೆಯಲ್ಲಿ ಹಂಚುವವರು ಒಬ್ಬರೇ ಇರಬೇಕು. ಇಬ್ಬರಿದ್ದರೆ ಕೆಲವು ಫೋನುಗಳಿಗೆ ಗೇಟ್‌ವೇ 192.168.1.2 ಎಂದು ಹೋಗುತ್ತದೆ. ವೈಫೈ ಕಡ್ಡಿ ಪೂರ್ತಿ, ನೆಟ್ ಮಾತ್ರ ಇಲ್ಲ. ಅದೂ ಒಮ್ಮೆ ಬಂದು ಒಮ್ಮೆ ಬಾರದೆ ಸತಾಯಿಸುತ್ತದೆ. ಕೆಳಗಿನ ರೌಟರ್ 192.168.1.100ರಿಂದ 192.168.1.200ರವರೆಗಷ್ಟೇ ಹಂಚುವಂತೆ ಮಾಡಿ, 192.168.1.2ನ್ನು ಅದರ ಕೈಗೆ ಸಿಗದಂತೆ ಇಟ್ಟೆ.

ಮೇಲಿನ ರೌಟರ್‌ನಲ್ಲಿ ಕೇಬಲ್ ಚುಚ್ಚಬೇಕಾದ್ದು ಲ್ಯಾನ್ (ಮನೆಯೊಳಗಿನ ಸಾಧನಗಳ) ಪೋರ್ಟಿಗೆ, ವ್ಯಾನ್‌ಗಲ್ಲ (ಹೊರಗಿನ ನೆಟ್ ಬರುವ ಪೋರ್ಟ್). ವ್ಯಾನ್‌ಗೆ ಹಾಕಿದರೆ ಮೇಲೆ ಬೇರೆಯೇ ನೆಟ್‌ವರ್ಕ್ ಆಗಿ, ಕೆಳಗಿನ ಪ್ರಿಂಟರ್ ಮೇಲಿನವರಿಗೆ ಕಾಣಿಸುವುದಿಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ, 2.4 ಗಿಗಾಹರ್ಟ್ಸ್ ಚಾನೆಲ್ ಮಾತ್ರ ಕೆಳಗೆ 1, ಮೇಲೆ 6.

ಪರೀಕ್ಷೆ ಮೇಲಿನ ಕೋಣೆಯಿಂದ, ಹತ್ತಿರದಿಂದ ದೂರಕ್ಕೆ, ಪಿಂಗ್ (ಆ ವಿಳಾಸ ಉತ್ತರಿಸುತ್ತದೆಯೇ ಎಂದು ಕೇಳುವ ಆದೇಶ) ಬಳಸಿ: ಪಿಂಗ್ 192.168.1.2, ಆಮೇಲೆ 192.168.1.1, ಆಮೇಲೆ ಇಂಟರ್‌ನೆಟ್‌ನಲ್ಲಿರುವ ಗೂಗಲ್ ಸರ್ವರ್ 8.8.8.8, ಕೊನೆಗೆ ಒಂದು ಸೈಟಿನ ಹೆಸರು. ಎಲ್ಲಿ ಉತ್ತರ ನಿಂತಿತೋ ಅದರ ಹಿಂದಿನ ತುಂಡಿನಲ್ಲೇ ಹುಡುಕಿ. 8.8.8.8 ಉತ್ತರಿಸಿ ಹೆಸರು ಸಿಗದಿದ್ದರೆ ತೊಂದರೆ ಡಿಎನ್‌ಎಸ್‌ನದು, ಅಂದರೆ ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆಯದು. ವಿಂಡೋಸ್‌ನಲ್ಲಿ ವಿಳಾಸ 169.254ರಿಂದ ಶುರುವಾಗಿದ್ದರೆ ಡಿಎಚ್‌ಸಿಪಿಯಿಂದ ಏನೂ ಬಂದೇ ಇಲ್ಲ. ಮೊದಲು ಕೇಬಲ್ ನೋಡಿ. ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇದ್ದೂ ಲಿಂಕ್ 100 ಎಂಬಿಪಿಎಸ್ ತೋರಿಸಿದರೆ ನೀಲಿ ಅಥವಾ ಕಂದು ಜೋಡಿ ಸರಿಯಾಗಿ ಕೂತಿಲ್ಲ. 100ಕ್ಕೆ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಆ ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿ.