ತಕರಾರು ಸಿಕ್ಕಿದ ಮೇಲೇ ಪ್ರಬಂಧ: ನನ್ನ ಅನುಭವ

ಕೆಎಎಸ್ ಮೇನ್ಸ್‌ಗೆ ಓದ್ತಾ ಇದ್ದಾಗ ನಂಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಪ್ರಬಂಧದ ಪೇಪರ್ರು. ಎರಡು ಪ್ರಬಂಧ, ತಲಾ 125 ಮಾರ್ಕ್ಸು, ಮೂರು ಗಂಟೆ. ಬಾಕಿ ಪೇಪರಿಗೆಲ್ಲ ಓದಿದ್ದು ನೆನಪಿದ್ರೆ ಸಾಕು, ಇದಕ್ಕೆ ಮಾತ್ರ ಎಷ್ಟು ಓದಿದ್ರೂ ಮಾರ್ಕ್ಸ್ ಏರ್ತಾನೇ ಇರ್ಲಿಲ್ಲ. ಈಗ ಶಿರಸಿಯಲ್ಲಿ ಭಾನುವಾರ ಒಂದಷ್ಟು ಹುಡುಗ್ರು ಹುಡುಗೀರಿಗೆ ಪ್ರಬಂಧ ಬರೆಸ್ತೀನಿ, ಅವ್ರೂ ಅಲ್ಲೇ ಸಿಕ್ಕಿ ಹಾಕ್ಕೊಳ್ತಾರೆ, ಅದಕ್ಕೆ ನಾನು ಹೇಗೆ ಹೊರಗೆ ಬಂದೆ ಅಂತ ಬರೀತಿದೀನಿ.

ಒಂದು ಮಾಕ್ ಟೆಸ್ಟಲ್ಲಿ ವಿಷಯ ಕೊಟ್ಟಿದ್ರು, ಪರಿಸರ ಸಂರಕ್ಷಣೆಯಲ್ಲಿ ಜನಸಾಮಾನ್ಯರ ಪಾತ್ರ. ನಂಗೆ ಖುಷಿ ಆಯ್ತು, ನಮ್ಮ ಶಿರಸಿ ಸೀಮೆದೇ ವಿಷಯ ಅಲ್ವಾ. "ಪರಿಸರವು ಮಾನವನ ಜೀವನದ ಅವಿಭಾಜ್ಯ ಅಂಗವಾಗಿದೆ" ಅಂತ ಶುರು ಮಾಡಿ, 1973ರ ಚಿಪ್ಕೊ, ನಮ್ಮ ಕಡೆ ಮರ ಅಪ್ಪಿಕೊಂಡು ಉಳಿಸಿದ 1983ರ ಅಪ್ಪಿಕೊ ಚಳವಳಿ, 1992ರ ರಿಯೊ ಸಮಾವೇಶ, 2015ರ ಪ್ಯಾರಿಸ್ ಒಪ್ಪಂದ, ಎಲ್ಲ ಇಸವಿ ಸರಿಯಾಗಿ ಬರೆದು, ಕೊನೆಗೆ "ನಾವೆಲ್ಲರೂ ಕೈಜೋಡಿಸೋಣ" ಅಂತ ಮುಗಿಸಿದ್ದೆ. ತಪ್ಪು ಅಂತ ಒಂದೂ ಇರ್ಲಿಲ್ಲ. ಬಂದಿದ್ದು 125ಕ್ಕೆ 46. ತಿದ್ದಿದ ಸರ್ ಬೇರೆ ಏನೂ ಬರೀದೆ ಆ "ಕೈಜೋಡಿಸೋಣ" ಕೆಳಗೆ ಒಂದು ಗೆರೆ ಎಳೆದು "ಇದನ್ನ ಯಾರು ಬೇಕಾದ್ರೂ ಬರೀಬಹುದಿತ್ತು" ಅಂತ ಬರೆದಿದ್ರು. ಎರಡು ದಿನ ಊಟ ಸೇರ್ಲಿಲ್ಲ.

ಅದೇ ವಾರ ಮನೆಗೆ ಹೋದೆ, ಹಸಿ ಅಡಿಕೆ ಸುಲಿಯೋ ಕಾಲ ಅದು. ರಾತ್ರಿ ಅಂಗಳದಲ್ಲಿ ಲೈಟ್ ಹಾಕ್ಕೊಂಡು ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂತ್ರೆ ಹನ್ನೊಂದು ಗಂಟೆ ತನಕ ಏಳೋದಿಲ್ಲ, ಬೆರಳೆಲ್ಲ ಕಲೆ ಹತ್ತಿ ಕಪ್ಪಾಗಿರತ್ತೆ, ಬಾಯಿ ಮಾತ್ರ ಖಾಲಿ ಇರೋದ್ರಿಂದ ಊರಿನ ಎಲ್ಲ ಸುದ್ದಿ ಅಲ್ಲೇ ಆಗೋದು. ನಾನು ಪ್ರಬಂಧದ ವಿಷಯ ಹೇಳಿದೆ, ಅಪ್ಪಿಕೊ ಬಗ್ಗೆನೂ ಹೇಳಿದೆ. ಅಪ್ಪಯ್ಯ ಕೈ ನಿಲ್ಲಿಸ್ದೇನೇ ಕೇಳಿದ್ರು, "ಅಲ್ಲ ತಮಾ, ಮರ ಅಪ್ಪಿದ್ದು ಖರೆ. ಆದ್ರೆ ವರ್ಷಾ ವರ್ಷಾ ಬೆಟ್ಟಕ್ಕೆ ಹೋಗಿ ಸೊಪ್ಪು ಕಡಿಯೋರೂ ನಾವೇ ಅಲ್ದಾ?"

ನಂಗೆ ಪಟ್ಟಂತ ಏನೂ ಹೇಳೋಕೆ ಬರ್ಲಿಲ್ಲ. ಆ ಉತ್ತರ ಬರ್ದೇ ಇದ್ದ ಜಾಗದಿಂದಲೇ ನನ್ನ ಮೊದಲ ಒಳ್ಳೆ ಪ್ರಬಂಧ ಹುಟ್ಟಿದ್ದು.

ಗೊತ್ತಿಲ್ಲದೋರಿಗೆ ಹೇಳ್ತೀನಿ. ನಮ್ಮ ಕಡೆ ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟ ಅಂತ, ಸೊಪ್ಪು ತರೋಕೆ ಬಿಟ್ಟ ಕಾಡು ಇರತ್ತೆ, ಒಂದು ಎಕರೆ ತೋಟಕ್ಕೆ 9 ಎಕರೆ ತನಕ, ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ಅಲ್ಲಿಂದ ಹಸಿ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಆದ್ಮೇಲೆ ತೋಟಕ್ಕೆ ಹಾಕೋದು. ಟೊಂಗೆಯ ಸೊಪ್ಪು ಕಡಿದ್ರೆ ಮರ ಮತ್ತೆ ಚಿಗುರತ್ತೆ. ಆದ್ರೆ 1983ರ ಸೆಪ್ಟೆಂಬರಲ್ಲಿ ಸಾಲ್ಕಣಿ ಹತ್ರದ ಕಾಡಲ್ಲಿ ಜನ ಅಪ್ಪಿಕೊಂಡಿದ್ದು ಬುಡಕ್ಕೇ ಕೊಡಲಿ ಬೀಳ್ತಿದ್ದ ಮರಗಳನ್ನ. ಹಂಗಂತ ನಾವೇನು ಪೂರ್ತಿ ಒಳ್ಳೆಯವ್ರು ಅಂತಲೂ ಅಲ್ಲ, ಸೊಪ್ಪು ಕಡಿದೂ ಕಡಿದೂ ಬೋಳಾದ ಬೆಟ್ಟ ನಾನೇ ನೋಡಿದೀನಿ. ಅಂದ್ರೆ ಕಾಡನ್ನ ದಿನಾ ಬಳಸೋನಿಗೇ ಅದು ಹೋಗ್ತಿದೆ ಅನ್ನೋದು ಮೊದಲು ಗೊತ್ತಾಗತ್ತೆ, ಅವನ ಕೈಯಿಂದಲೇ ಅದು ಸವೆಯೋದೂ ಹೌದು. ಈ ಎರಡನ್ನೂ ಒಟ್ಟಿಗೆ ಹಿಡ್ಕೊಂಡು ಬರೆಯೋದು ಹೇಗೆ ಅಂತ ಒದ್ದಾಡಿದೆ ನೋಡಿ, ಅವಾಗ ಗೊತ್ತಾಯ್ತು ಪ್ರಬಂಧ ಅಂದ್ರೆ ಏನು ಅಂತ.

ಫ್ರಾನ್ಸಿನ ಲೇಖಕ ಮಾಂಟೇನ್ 1580ರಲ್ಲಿ ತನ್ನ ಬರಹಗಳಿಗೆ ಎಸ್ಸೇ ಅಂತ ಹೆಸರಿಟ್ಟ, ಅವರ ಭಾಷೇಲಿ ಅದಕ್ಕೆ ಪ್ರಯತ್ನ, ಒಂದು ಕೈ ನೋಡೋದು ಅನ್ನೋ ಅರ್ಥ. ನಮ್ಮ ಪ್ರಬಂಧ ಅನ್ನೋ ಪದದಲ್ಲಿ ಬಂಧ ಇದೆ, ಕಟ್ಟೋದು. ನಾನು ಅಲ್ಲೀವರೆಗೆ ಬರೀ ಕಟ್ತಾ ಇದ್ದೆ, ಕಟ್ಟೋಕೆ ಒಳಗೆ ಏನೂ ಇರ್ಲಿಲ್ಲ.

ಆಮೇಲಿಂದ ವಿಷಯ ಸಿಕ್ಕ ತಕ್ಷಣ ಪೀಠಿಕೆ ಬರೆಯೋದು ಬಿಟ್ಟೆ. ರಫ್ ಹಾಳೆ ಮೇಲೆ ಆ ವಿಷಯಕ್ಕೆ ಒಂದು ತಕರಾರು ಬರ್ಕೋತೀನಿ, ನಂಗೇ ಸುಲಭಕ್ಕೆ ಉತ್ತರ ಸಿಗದೇ ಇರೋ ಥರದ್ದು. ತಕರಾರು ಸಿಗದೇ ಇದ್ರೆ ಆ ವಿಷಯ ಆರಿಸ್ಕೊಳ್ಳೋದೇ ಇಲ್ಲ.

ಬರೆದಾದ ಮೇಲೆ ಪ್ರತಿ ಪ್ಯಾರಾ ಪಕ್ಕ ಮಾರ್ಜಿನ್ನಲ್ಲಿ ಪೆನ್ಸಿಲಲ್ಲಿ ಒಂದೇ ಸಾಲು, ಈ ಪ್ಯಾರಾ ಏನು ಹೇಳ್ತು ಅಂತ. ಹಂಗೆ ಬರೆಯೋಕೆ ಬರ್ಲಿಲ್ಲ ಅಂದ್ರೆ ಆ ಪ್ಯಾರಾ ಹೋಯ್ತು. ರಿಯೊ, ಪ್ಯಾರಿಸ್ ಎರಡೂ ಹೀಗೇ ಹೋದ್ವು, ತೆಗೆದ್ರೂ ಏನೂ ಕಮ್ಮಿ ಅನ್ನಿಸ್ಲಿಲ್ಲ. 9 ಎಕರೆ ಅನ್ನೋ ಲೆಕ್ಕ ತೆಗೆದ್ರೆ ಮಾತ್ರ ಇಡೀ ವಾದ ಕುಂಟತ್ತೆ, ಅದು ಉಳೀತು.

ಇನ್ನೊಂದು ವಿಷ್ಯ ಸ್ವಲ್ಪ ಬಿಡಿಸಿ ಹೇಳ್ಬೇಕು. "ಮರಗಳನ್ನು ಕಡಿಯಲಾಗುತ್ತಿತ್ತು" ಅಂತ ಬರೆದಿದ್ದೆ. ಓದ್ತಾ ಕೂತಾಗ ಅನ್ಸ್ತು, ಕಡೀತಿದ್ದಿದ್ದು ಯಾರು? ಸಹಜ ಕಾಡು ತೆಗೆದು ತೇಗ, ನೀಲಗಿರಿ ನೆಡೋ ಧೋರಣೆ ಸರ್ಕಾರದ್ದು, ಕಡಿಸೋನು ಗುತ್ತಿಗೆದಾರ, ಕೊಡಲಿ ಹಿಡಿದೋನು ಕೂಲಿಯಾಳು. ಹಾಗೆ ಬಿಡಿಸಿ ಬರೆದಾಗ ಗೊತ್ತಾಯ್ತು, ಮರ ಅಪ್ಪಿದೋನ ಎದುರು ನಿಂತಿದ್ದ ಕೂಲಿಯಾಳೂ ಅವನಷ್ಟೇ ಜನಸಾಮಾನ್ಯ. ವಿಷಯದಲ್ಲೇ ಜನಸಾಮಾನ್ಯ ಅಂತ ಇದೆ, ನಾನು ಅವನನ್ನ ಲೆಕ್ಕಕ್ಕೇ ತಗೊಂಡಿರ್ಲಿಲ್ಲ. ಒಂದು "ಲಾಗುತ್ತಿತ್ತು" ಒಳಗೆ ಮೂರು ಜನ ಅಡಗಿದ್ರು. ಅವತ್ತಿಂದ "ಮಾಡಲಾಗಿದೆ", "ಆಗಿರುತ್ತದೆ" ಕಂಡಲ್ಲೆಲ್ಲ ನಿಂತು ಯಾರು ಅಂತ ಕೇಳ್ತೀನಿ.

ಹೋದ ವರ್ಷ ಕಾರವಾರ ಕಡೆಯ ಒಬ್ಳು ಹುಡುಗಿ ಬರ್ತಿದ್ಳು. ಮನೇಲಿ ಕೊಂಕಣಿ, ಕನ್ನಡ ಕಲಿತಿದ್ದು ಪೂರ್ತಿ ಪಠ್ಯಪುಸ್ತಕದಿಂದ, ಹಂಗಾಗಿ ಅವಳ ಬರಹ ಎಲ್ಲ ಸರ್ಕಾರಿ ಸುತ್ತೋಲೆ ಥರ ಇರೋದು. ಅಭಿವೃದ್ಧಿ ಮತ್ತು ಸ್ಥಳಾಂತರ ಅಂತ ವಿಷಯ ಕೊಟ್ರೆ ಕೈಗಾ ಅಣು ವಿದ್ಯುತ್ ಸ್ಥಾವರದ 220 ಮೆಗಾವ್ಯಾಟಿನ 4 ಘಟಕ, ನೌಕಾನೆಲೆ ಯೋಜನೆ ಸೀಬರ್ಡ್‌ಗೆ 1986ರಲ್ಲಿ ಶಂಕುಸ್ಥಾಪನೆ, 2005ರಲ್ಲಿ ಶುರುವಾದ ಆ ನೆಲೆ ಐಎನ್‌ಎಸ್ ಕದಂಬ, ಹೀಗೆ ಸಾಲಾಗಿ ಬರೆದು ತಂದ್ಳು. ಎಲ್ಲ ಸರಿನೇ. ನಿಂಗೆ ಇದ್ರಲ್ಲಿ ತಕರಾರು ಏನು ತಂಗಿ ಅಂದೆ. ತುಂಬಾ ಹೊತ್ತು ಸುಮ್ನೆ ಕೂತಿದ್ದು ಆಮೇಲೆ ಹೇಳಿದ್ಳು, ಯೋಜನೆಗೆ ಜಾಗ ಬಿಟ್ಟುಕೊಟ್ಟ ಮನೆ ನಮ್ದು ಸರ್, ಅಜ್ಜನಿಗೆ ದೋಣಿ ಎಳೆದಿಡೋ ದಂಡೆ ಹೋಯ್ತು, ಅಣ್ಣನಿಗೆ ಅಲ್ಲೇ ಕೆಲಸ ಸಿಕ್ತು, ಈಗ ಇಬ್ರೂ ಒಂದೇ ಪಂಕ್ತೀಲಿ ಊಟಕ್ಕೆ ಕೂರ್ತಾರೆ, ಆ ಮಾತು ಮಾತ್ರ ಯಾರೂ ಎತ್ತಲ್ಲ.

ಇದನ್ನೇ ಬರಿ, ಇದೇ ನಿನ್ನ ಮೊದಲ ಸಾಲು ಅಂದೆ. ಇಷ್ಟು ಸಾದಾ ಕನ್ನಡ ನಡೆಯತ್ತಾ ಅಂತ ಅವಳಿಗೆ ಹೆದರಿಕೆ. ನಡೆಯತ್ತೆ. ಪರೀಕ್ಷೇಲಿ ನಾನು ಇಲ್ಲಿ ಬರೀತಿರೋ ಹಾಗೆ ಆಡುಮಾತಲ್ಲಿ ಬರೀಬೇಡಿ, ಆದ್ರೆ ವಾಕ್ಯ ಬಾಯಲ್ಲಿ ಓದಿದ್ರೆ ಉಸಿರು ಸಾಲಬೇಕು. ನಾನು ಆಯಿ ಎದುರು ಗಟ್ಟಿಯಾಗಿ ಓದ್ತಿದ್ದೆ, ಅವಳು ಕೈಲಿದ್ದ ಕೆಲಸ ನಿಲ್ಸಿ "ಎಂತ?" ಅಂದ ಕಡೆ ಎಲ್ಲ ಗುರುತು ಹಾಕಿ ಆಮೇಲೆ ಆ ವಾಕ್ಯ ಎರಡಾಗಿ ಒಡೀತಿದ್ದೆ. ಆ ಹುಡುಗಿ ಇಸವಿಗಳನ್ನ ಬಿಡ್ಲಿಲ್ಲ, ಆದ್ರೆ 1986 ಈಗ ಅಜ್ಜ ಇರೋ ಪ್ಯಾರಾದಲ್ಲಿ ಬಂತು, 2005 ಅಣ್ಣನ ಪ್ಯಾರಾದಲ್ಲಿ. ಕೈಗಾ ಹೋಯ್ತು.

ಟೈಮ್ ಬಗ್ಗೆ ಎಲ್ಲರೂ ಕೇಳ್ತಾರೆ. ಒಂದು ಪ್ರಬಂಧಕ್ಕೆ ಒಂದೂವರೆ ಗಂಟೆ ಸಿಗತ್ತೆ, ನಾನು ಮೊದಲ 20 ನಿಮಿಷ ಉತ್ತರ ಪತ್ರಿಕೆ ಮುಟ್ಟಲ್ಲ, ರಫ್ ಹಾಳೆಯಲ್ಲೇ ಇರ್ತೀನಿ, ಪಕ್ಕದೋರು ಎರಡನೇ ಪುಟ ತಿರುಗಿಸೋ ಸದ್ದು ಕೇಳಿದಾಗ ಎದೆ ಹೊಡ್ಕೊಳ್ಳತ್ತೆ, ಆದ್ರೂ ಮುಟ್ಟಲ್ಲ. ಬರೆಯೋಕೆ ಒಂದು ಗಂಟೆ. ಉಳಿದ 10 ನಿಮಿಷ ಮನಸ್ಸಲ್ಲೇ ಓದ್ಕೊಂಡು ಹೊಡೆದು ಹಾಕೋದು, ಕೊನೇ ಪ್ಯಾರಾದಿಂದ ಶುರು, ಯಾಕಂದ್ರೆ "ಕೈಜೋಡಿಸೋಣ" ಬಂದು ಕೂರೋದು ಯಾವಾಗ್ಲೂ ಅಲ್ಲೇ.